ಮಕ್ಕಳ ಬಾಯಲ್ಲಿ ಹಿರಿಯರು

ಹಳೆಯ ವಿದ್ಯಾರ್ಥಿಗಳ ಸಭೆಗಳಲ್ಲಿ ಈಚೆಗೆ ತಪ್ಪದೆ ಕೇಳಿಬರುವ ದೂರೊಂದುಂಟು. ಇಂದಿನ ಮಕ್ಕಳು ಗೆಳೆಯನ ತಂದೆಯನ್ನು 'ಅಂಕಲ್' ಎಂದೂ ತಾಯಿಯನ್ನು 'ಆಂಟಿ' ಎಂದೂ ಕರೆಯುತ್ತಾರೆ. ಕಾಕಾ, ಮಾಮಾ, ಚಿಗವ್ವ, ಅತ್ತಿ ಎಂಬ ತುಂಬು ಮಾತುಗಳು ಮರೆಯಾಗುತ್ತಿವೆ. ಇದು ನಮ್ಮ ಸಂಸ್ಕೃತಿಯ ಅವನತಿ ಎಂಬುದೇ ಆ ದೂರು. ವೇದಿಕೆಯ ಮೇಲಿನವರು ಹೀಗೆಂದಾಗ ಕೆಳಗೆ ಕುಳಿತವರು ಚಪ್ಪಾಳೆ ತಟ್ಟುತ್ತಾರೆ. ನಾನೂ ಹಲವು ಸಲ ತಟ್ಟಿದ್ದೇನೆ. ಆದರೆ ಮೂವತ್ತು ವರ್ಷಗಳಿಗೂ ಮಿಕ್ಕಿ ಮಾಸ್ತರಿಕೆ ಮಾಡಿ ನಿವೃತ್ತನಾದ ಮೇಲೆ ನಿಧಾನವಾಗಿ ಯೋಚಿಸಿದರೆ, ಆ ಚಪ್ಪಾಳೆಯಲ್ಲಿ ಅರ್ಧದಷ್ಟನ್ನು ಹಿಂದೆ ಪಡೆಯಬೇಕೆನಿಸುತ್ತಿದೆ.

ದೂರಿನಲ್ಲಿರುವ ನಿಜವನ್ನು ಮೊದಲು ಒಪ್ಪಿಕೊಳ್ಳೋಣ. ಕನ್ನಡದ ಬಂಧುವಾಚಕಗಳಲ್ಲಿ ಒಂದು ಸಮಾಜದ ನಕಾಶೆಯೇ ಅಡಗಿದೆ. ತಂದೆಯ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ; ಇಬ್ಬರೂ ಅಪ್ಪಂದಿರೇ. ತಾಯಿಯ ತಂಗಿ ಚಿಕ್ಕಮ್ಮ, ಅವಳೂ ತಾಯಿಯೇ. ತಾಯಿಯ ಸೋದರ ಮಾತ್ರ ಮಾವ, ತಂದೆಯ ಸೋದರಿ ಅತ್ತೆ. ಅವರ ಮಕ್ಕಳೊಡನೆ ಕೊಟ್ಟು ತರುವ ಸಂಬಂಧ. ಆದ್ದರಿಂದ ಗೆಳೆಯನ ತಂದೆಯನ್ನು 'ಕಾಕಾ' ಎಂದೊಡನೆ ಗೆಳೆಯನು ಒಡಹುಟ್ಟಿದವನಾಗುತ್ತಾನೆ. 'ಮಾಮಾ' ಎಂದರೆ ಬೀಗತನದ ಹಾಸ್ಯಕ್ಕೆ ಎಡೆಯಾಗುತ್ತದೆ. ನಮ್ಮ ಕಡೆಯ ಹಳ್ಳಿಯ ಹುಡುಗನು ತನ್ನ ಊರಿನ ಹಿರಿಯರನ್ನು ಕಾಕಾ ಎಂದೂ, ತಾಯಿಯ ತವರೂರಿನಲ್ಲಿ ಬಸ್ಸಿನಿಂದ ಇಳಿದೊಡನೆ ಅದೇ ವಯಸ್ಸಿನವರನ್ನು ಮಾಮಾ ಎಂದೂ ಕರೆಯುವುದನ್ನು ಯಾರೂ ಪಾಠ ಮಾಡಿ ಕಲಿಸಿದ್ದಲ್ಲ. ಇಷ್ಟೆಲ್ಲ ಬಲ್ಲ ನುಡಿಯ ಮುಂದೆ 'ಅಂಕಲ್' ಬಡಪಾಯಿ. ತಂದೆಯ ಕಡೆಯೋ ತಾಯಿಯ ಕಡೆಯೋ, ಹಿರಿಯನೋ ಕಿರಿಯನೋ, ಏನನ್ನೂ ಅದು ಹೇಳಲಾರದು.

ಪರಭಾಷೆಯ ಮಾತೆಂಬ ಆಕ್ಷೇಪಣೆ ಮಾತ್ರ ನಿಲ್ಲತಕ್ಕದ್ದಲ್ಲ. ಕಾಕಾ, ಮಾವಶಿ, ವೈನಿ ಎಂಬವು ನಾವು ಮರಾಠಿಯೊಡನೆ ಹಂಚಿಕೊಂಡ ಮಾತುಗಳು. ಮಾಸ್ತರನೂ ಹೊರಗಿನಿಂದ ಬಂದವನೇ. 'ಅಕ್ಕೋರು' ಹೋಗಿ 'ಮಿಸ್' ಬಂದುದಕ್ಕೆ ನನಗೆ ವ್ಯಥೆಯಿದೆಯಾದರೂ ಅದು ಕಿವಿಯ ವ್ಯಥೆ. (ಹೊಸದಾಗಿ ಸೇರಿದ ಎಳೆಯ ಶಿಕ್ಷಕಿಯೊಬ್ಬರು, ಸಂತೆಯಲ್ಲಿ ತಮ್ಮ ವಿದ್ಯಾರ್ಥಿಯೇ 'ಆಂಟಿ' ಎಂದನೆಂದು ಎರಡು ದಿನ ಮುಖ ಬಾಡಿಸಿಕೊಂಡಿದ್ದರು. ಅವರ ವ್ಯಥೆ ಬೇರೆ.)

ನಾನು ಕೇಳಬೇಕೆಂದಿರುವುದು ಇನ್ನೊಂದು ಪ್ರಶ್ನೆ. ಆ ಕಾಕಾ ಮಾಮಾಗಳು ಯಾರಿಗೆ ಸಲ್ಲುತ್ತಿದ್ದವು?

1969ರ ದಸರೆಯ ರಜೆಯಲ್ಲಿ, ಪ್ರಸಾದ ನಿಲಯದಲ್ಲಿ ನನ್ನ ಪಕ್ಕದಲ್ಲಿ ಮಲಗುತ್ತಿದ್ದ ಗೆಳೆಯನ ಊರಿಗೆ ಹೋಗಿದ್ದೆ. ಅವನ ತಂದೆಯದು ಕೆರ ಹೊಲಿಯುವ ಕಾಯಕ, ಸುಗ್ಗಿಯಲ್ಲಿ ಕೂಲಿ. ನಮ್ಮದು ಎರಡು ಜೋಡಿ ಎತ್ತಿನ ಒಕ್ಕಲುತನ. ಹದಿಮೂರು ವರ್ಷದ ನನ್ನನ್ನು ಕಂಡೊಡನೆ ಆ ಹಿರಿಯರು ಹೆಗಲ ಮೇಲಿನ ವಲ್ಲಿಯನ್ನು ಕೈಗೆ ತೆಗೆದುಕೊಂಡು, "ಬರ್ರಿ ಗೌಡ್ರ, ಕುಂದರ್ರಿ" ಎಂದರು. ನನಗೆ ನಾಲಗೆ ಹೊರಳಲಿಲ್ಲ. ಅವರ ವಯಸ್ಸಿನವರೇ ನಮ್ಮ ಹೊಲದಲ್ಲಿ ದುಡಿಯುತ್ತಿದ್ದರು. ಅವರನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುವುದನ್ನೇ ನಾನು ನಡೆನುಡಿಯೆಂದು ಕಲಿತಿದ್ದೆ. ಹಾಗೆ ಕರೆಯಲು ಗೆಳೆಯನ ಮುಂದೆ ನಾಚಿಕೆ; 'ಕಾಕಾ' ಎನ್ನಲು ರೂಢಿಯಿಲ್ಲ. ಎರಡು ದಿನ ಆ ಮನೆಯ ರೊಟ್ಟಿ ಉಂಡು, ಅವರನ್ನು ಯಾವ ಮಾತಿನಿಂದಲೂ ಕರೆಯದೆ, 'ನೀರು ಬೇಕಿತ್ತು', 'ಹೋಗಿ ಬರ್ತೀನ್ರಿ' ಎಂದು ಗಾಳಿಗೆ ಹೇಳಿದಂತೆ ಹೇಳಿ ಬಂದೆ.

ಗೆಳೆಯನು ಅದನ್ನು ಗಮನಿಸಿದ್ದನೇ, ಕೇಳುವ ಧೈರ್ಯ ನನಗಾಗಲಿಲ್ಲ. ಮರುವರ್ಷ ಅವನು ನಮ್ಮ ಮನೆಗೆ ಬಂದ. ಅಂಗಳದಲ್ಲಿದ್ದ ನನ್ನ ತಂದೆಗೆ "ಕಾಕಾ, ಶರಣ್ರಿ" ಎಂದ. ತಂದೆಯವರು ಓಗೊಡದೆ ಎತ್ತುಗಳ ಕಡೆಗೆ ನಡೆದರು. ಅವನು ಆಮೇಲೆ ನಮ್ಮ ಮನೆಗೆ ಬರಲಿಲ್ಲ. 12ನೆಯ ಶತಮಾನದಲ್ಲಿ ಬಸವಣ್ಣನವರು ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ತಮ್ಮ ಹಿರಿಯರೆಂದು ಬಂಧುವಾಚಕದಿಂದಲೇ ಎಣಿಸಿದ ವಚನವನ್ನು, ಅದೇ ವರ್ಷ, ನಾವಿಬ್ಬರೂ ಸಂಜೆಯ ಪ್ರಾರ್ಥನೆಯಲ್ಲಿ ಒಂದೇ ಧ್ವನಿಯಲ್ಲಿ ಹೇಳುತ್ತಿದ್ದೆವು.

ಆದ್ದರಿಂದ 'ಅಂಕಲ್' ಎಂಬ ಬಡ ಮಾತಿನಲ್ಲಿ ನನಗೊಂದು ಗುಣ ಕಾಣುತ್ತದೆ. ಕುಲ ಕೇಳದೆ, ಹೊಲವೆಷ್ಟೆಂದು ಕೇಳದೆ ಅದು ವೈದ್ಯರಿಗೂ ಸಲ್ಲುತ್ತದೆ, ರಿಕ್ಷಾ ಓಡಿಸುವವರಿಗೂ ಸಲ್ಲುತ್ತದೆ. ಗೆಳೆಯ ನಿವೃತ್ತನಾಗಿ ಧಾರವಾಡದಲ್ಲಿದ್ದಾನೆ. ಅವನ ಮಗ ನನ್ನನ್ನು 'ಅಂಕಲ್' ಎನ್ನುತ್ತಾನೆ. ಕಾಕಾ ಎನ್ನು ಎಂದು ತಿದ್ದಲು ನನಗೆ ಬಾಯಿ ಬರುವುದಿಲ್ಲ.

ಹಾಗೆಂದು ಇಂಗ್ಲಿಷ್ ಮಾತೇ ಮದ್ದೆಂದು ನಾನು ನಂಬಿಲ್ಲ. ಗೆಳೆಯನ ತಾಯಿಯನ್ನು 'ಆಂಟಿ' ಎನ್ನುವ ಮಗುವೇ ಮನೆಗೆಲಸಕ್ಕೆ ಬರುವ, ಅಜ್ಜಿಯ ವಯಸ್ಸಿನ ಹೆಣ್ಣುಮಗಳನ್ನು ಹೆಸರು ಹಿಡಿದು ಕೂಗುವುದನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಮಾತು ಬದಲಾಗಿದೆ, ಪಂಕ್ತಿ ಹಾಗೆಯೇ ಇದೆ. ನನ್ನ ಆಸೆಯಾದರೂ ಕಾಕಾ, ಅಕ್ಕ, ಅಜ್ಜ ಎಂಬ ಮಾತುಗಳು ಉಳಿಯಬೇಕೆಂಬುದೇ. ಆದರೆ ಉಳಿಯುವುದಾದರೆ ಎಲ್ಲರಿಗೂ ಸಲ್ಲುವಂತೆ ಉಳಿಯಲಿ.

ಶಾಲೆಯಲ್ಲಿ ಇದು ಕಷ್ಟದ ಕೆಲಸವಲ್ಲ. ಹೊಸ ಮಕ್ಕಳು ಬಂದ ದಿನ ಗುರುಗಳ ಪರಿಚಯ ಮಾಡಿಕೊಡುತ್ತೇವೆ. ಅಂದೇ ಅಡುಗೆಯವರನ್ನೂ ಕಸಗುಡಿಸುವವರನ್ನೂ ಗಂಟೆ ಬಾರಿಸುವವರನ್ನೂ ಮುಂದೆ ಕರೆದು, ಇವರು ನಿಮಗೆ ಕಾಕಾ, ಇವರು ಅಕ್ಕ ಎಂದು ಹೇಳಿಕೊಡಬಹುದು. ಆದರೆ ಮುಖ್ಯೋಪಾಧ್ಯಾಯರು ಮರುದಿನ ಕೋಣೆಯೊಳಗಿನಿಂದ 'ಏ, ಬಾ ಇಲ್ಲಿ' ಎಂದು ಕೂಗಿದರೆ ಮಕ್ಕಳು ಕಲಿಯುವುದು ಆ ಕೂಗನ್ನೇ. ಸಂಪಾದಕ ಮಂಡಳಿಗೂ ಒಂದು ವಿನಂತಿ. ಹಳೆಯ ಸಂಚಿಕೆಗಳನ್ನು ತಿರುವಿ ನೋಡಿದೆ. ದಾನಿಗಳ ಹೆಸರಿನ ಮುಂದೆ 'ಶ್ರೀಮಾನ್' ಇದೆ, ನಮ್ಮಂಥ ಶಿಕ್ಷಕರ ಹೆಸರಿನ ಮುಂದೆ 'ಶ್ರೀ' ಇದೆ. ಪ್ರಸಾದ ನಿಲಯದ ಅಡುಗೆಯವರ ಪಟ್ಟಿಯಲ್ಲಿ ಬರಿಯ ಹೆಸರುಗಳಿವೆ. ಈ ಸಲದ ಕರಡು ಅಚ್ಚಿಗೆ ಹೋಗುವ ಮೊದಲು ಆ ಪುಟವನ್ನೊಮ್ಮೆ ತಿದ್ದಬೇಕೆಂದು ಕೋರುತ್ತೇನೆ.