ನಂಬರೇ ಇಲ್ಲದ ಗಡಿಯಾರ

ಮೊನ್ನೆ ಅಕ್ಕನ ಮಗ ರಜಕ್ಕೆ ಮೈಸೂರಿಗೆ ಬಂದಿದ್ದ. ಬೆಂಗಳೂರಿನ ಹುಡುಗ, ಏಳನೇ ಕ್ಲಾಸು. ಅರಮನೆ, ಝೂ, ಚಾಮುಂಡಿಬೆಟ್ಟ ಎಲ್ಲಾ ಮುಗಿಸಿ ದೊಡ್ಡ ಗಡಿಯಾರದ ಹತ್ತಿರ ನಿಂತಿದ್ವಿ. "ಮಾಮ, ಈ ಗಡಿಯಾರದಲ್ಲಿ ನಂಬರೇ ಇಲ್ಲ!" ಅಂದ. ಇದೆ ಕಣೋ, ಕನ್ನಡದಲ್ಲಿದೆ ಅಂದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಗೆ 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಅರಮನೆ ನೌಕರರು ಕಟ್ಟಿಸಿದ್ದು ಅಂತಲೂ ಹೇಳಿದೆ. ಅವನು ಒಂದು ನಿಮಿಷ ಮೇಲೆ ನೋಡಿ, ಬೆರಳು ಮಡಚಿ ಎಣಿಸಿ, ಟೈಮ್ ಹೇಳೇಬಿಟ್ಟ. ಇಡೀ ದಿನದಲ್ಲಿ ಅವನಿಗೆ ನಿಜವಾಗಿ ಇಷ್ಟವಾದದ್ದು ಅದೊಂದೇ ಇರಬೇಕು :)

ಆವಾಗಲೇ ಅನ್ನಿಸಿದ್ದು. ಊರಿನ ಇಂಥ ಚಿಲ್ಲರೆ ಸಂಗತಿಗಳನ್ನ ನಾವು ಕ್ವಿಜ್‌ಗೆ ಮಾತ್ರ ಲಾಯಕ್ಕು ಅಂದ್ಕೊಂಡಿದೀವಿ. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು ಯಾವಾಗ? 1916. ಮಾನಸಗಂಗೋತ್ರಿ ಅಂತ ಹೆಸರಿಟ್ಟವರು ಯಾರು? ಕುವೆಂಪು. ಹತ್ತು ಅಂಕ, ಚಪ್ಪಾಳೆ, ಮುಂದಿನ ಪ್ರಶ್ನೆ. ಅಲ್ಲಿಗೆ ಮುಗೀತು.

ಆದರೆ ಅದೇ ಸಂಗತಿಯನ್ನ ಅದೇ ಜಾಗದಲ್ಲಿ ನಿಂತು ಕೇಳಿ ನೋಡಿ. 1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ಇಲ್ಲಿನ ಓರಿಯೆಂಟಲ್ ಲೈಬ್ರರಿಗೆ ತಾಳೆಗರಿಯ ಕಟ್ಟೊಂದನ್ನ ಕೊಟ್ಟು ಹೋದರು. ಗ್ರಂಥಲಿಪಿಯಲ್ಲಿದ್ದ ಅದನ್ನ ಬಿಚ್ಚಿ ಓದಿದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳಿಗೆ ಸಿಕ್ಕಿದ್ದು ಕೌಟಿಲ್ಯನ ಅರ್ಥಶಾಸ್ತ್ರ! ಅಲ್ಲಿವರೆಗೆ ಬೇರೆ ಗ್ರಂಥಗಳ ಉಲ್ಲೇಖಗಳಿಂದಷ್ಟೇ ಗೊತ್ತಿದ್ದ ಪುಸ್ತಕ 1909ರಲ್ಲಿ ನಮ್ಮೂರಿಂದ ಅಚ್ಚಾಗಿ ಹೊರಬಂತು. ಇನ್ನು ಮಹಾರಾಜಾ ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತಕ್ಕೆ ಹೊರಟಾಗ, ಹುಡುಗರು ಸಾರೋಟಿನ ಕುದುರೆ ಬಿಚ್ಚಿ ತಾವೇ ರೈಲ್ವೆ ಸ್ಟೇಷನ್‌ವರೆಗೆ ಎಳಕೊಂಡು ಹೋದರು. ಆ ದಾರಿಯಲ್ಲಿ ನಾನು ಮೂರು ವರ್ಷ ಸೈಕಲ್ ತುಳಿದಿದ್ದೀನಿ. ಯಾರೂ ಹೇಳಿರಲಿಲ್ಲ. ಗೊತ್ತಿದ್ದಿದ್ದರೆ ಒಂದೆರಡು ಕ್ಲಾಸಿಗಾದರೂ ಬಂಕ್ ಹೊಡೀತಿರಲಿಲ್ಲವೇನೋ.

ಇದೆಲ್ಲಾ ಹಳೇ ಊರಿನ ಹಳಹಳಿಕೆ ಅನ್ನಬೇಡಿ. ಕಥೆ ಗೊತ್ತಿದ್ದರೆ ಕಟ್ಟಡ ಉಳಿಯುತ್ತೆ, ಇದು ನನ್ನ ವಾದ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಕಟ್ಟಿಸಿದ ಮನೆಯಿದೆ. ಎಂಟ್ರೆನ್ಸ್ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಮನೇಲಿ ಕೂತು, ಆಮೇಲೆ ಮಹಾರಾಜಾ ಕಾಲೇಜು ಸೇರಿ 1930ರಲ್ಲಿ ಬಿಎ ಮುಗಿಸಿದ ಅದೇ ನಾರಾಯಣ್. 2011ರಲ್ಲಿ ಆ ಮನೆಯನ್ನ ಕೆಡವೋಕೆ ಶುರು ಮಾಡಿದ್ದರು. ಸುದ್ದಿ ಹಬ್ಬಿತು, ಜನ ಗಲಾಟೆ ಮಾಡಿದರು, ಕೆಲಸ ನಿಂತಿತು. 2016ರಲ್ಲಿ ಅದು ಮ್ಯೂಸಿಯಂ ಆಯಿತು. ಯಾಕೆ ಉಳೀತು? ಅದು ಯಾರ ಮನೆ ಅಂತ ಜನಕ್ಕೆ ಗೊತ್ತಿತ್ತು, ಅಷ್ಟೇ.

ಚಿಕ್ಕ ಗಡಿಯಾರದ ಹತ್ತಿರದ ಲ್ಯಾನ್ಸ್‌ಡೌನ್ ಬಿಲ್ಡಿಂಗ್‌ಗೆ ಆ ಅದೃಷ್ಟ ಇರಲಿಲ್ಲ. 1892ರ ಕಟ್ಟಡ. 2012ರ ಆಗಸ್ಟ್‌ನಲ್ಲಿ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಭಾಗವೂ ಬಿತ್ತು. ಆಮೇಲೆ ಶುರುವಾಯ್ತು ನೋಡಿ, ಕೆಡವಬೇಕೋ ರಿಪೇರಿ ಮಾಡಬೇಕೋ ಅನ್ನೋ ವರ್ಷಗಟ್ಟಲೆ ಜಗಳ. ಜೀವಕ್ಕಿಂತ ಗೋಡೆ ದೊಡ್ಡದಲ್ಲ, ಒಪ್ಪಿದೆ. ಆದರೆ ಗೋಡೆ ಒಂದೇ ದಿನಕ್ಕೆ ಬೀಳಲ್ಲವಲ್ಲ? ಬಿರುಕು ಬಿಟ್ಟಾಗ, ಮಳೆನೀರು ಇಳಿದಾಗ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಲ್ಯಾನ್ಸ್‌ಡೌನ್‌ನಲ್ಲಿ ಹಳೇ ಪುಸ್ತಕದ ಅಂಗಡಿಗಳಿದ್ದವು. ನನ್ನ ಡಿಗ್ರಿಯ ಅರ್ಧ ಪುಸ್ತಕ ಅಲ್ಲಿಂದಲೇ ಬಂದದ್ದು, ಪರೀಕ್ಷೆ ಮುಗಿದ ಮೇಲೆ ವಾಪಸ್ ಹೋದದ್ದೂ ಅಲ್ಲಿಗೇ. ದುಡ್ಡಿಲ್ಲದ ಹುಡುಗರಿಗೆ ಅದೂ ಒಂದು ಯೂನಿವರ್ಸಿಟಿ. ಆದರೆ ಅದರ ಕಥೆಯನ್ನ ಯಾವ ಗೈಡೂ ಹೇಳ್ತಿರಲಿಲ್ಲ, ಅಲ್ಲೇ ಓದಿ ಬೆಳೆದ ನಾವೂ ಬರೆಯಲಿಲ್ಲ.

ಅದಕ್ಕೇ ಈ ಪೋಸ್ಟು. ಅರಮನೆ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಕಾಲೇಜಿನ ಎದುರಿನ ಅಂಗಡಿ, ಹಾಸ್ಟೆಲ್ಲಿನ ಹಿಂದಿನ ಕೆರೆ, ಬೀದಿಗೆ ಆ ಹೆಸರು ಬಂದ ಕಾರಣ, ಇದನ್ನೆಲ್ಲಾ ನೀವಲ್ಲದೆ ಇನ್ಯಾರು ಬರೀತಾರೆ? ಬಿದ್ದ ಮೇಲೆ ಬರೆದರೆ ಅದು ಶ್ರದ್ಧಾಂಜಲಿ. ನಿಂತಿರುವಾಗಲೇ ಬರೆಯೋಣ.

ಏನಂತೀರಿ?