ಗ್ರಾಮಸಭೆಗೆ ಬನ್ನಿ, ಎದ್ದು ನಿಂತು ಕೇಳಿ

ಹಳೆಯ ಗ್ರೀಸಿನ ಅಥೆನ್ಸಿನಲ್ಲಿ ಸಭೆ ಕೂಡುವ ದಿನ ಪೇಟೆಯಲ್ಲಿ ಹರಟೆ ಹೊಡೆಯುತ್ತ ನಿಂತವರನ್ನು ಕೆಂಪು ಬಣ್ಣ ಅದ್ದಿದ ಹಗ್ಗ ಹಿಡಿದು ಸಭೆಯ ಗುಡ್ಡದ ಕಡೆ ಅಟ್ಟುತ್ತಿದ್ದರಂತೆ. ಅಂಗಿಗೆ ಕೆಂಪು ಹತ್ತಿದರೆ ಊರಿನ ಕೆಲಸ ತಪ್ಪಿಸಿಕೊಂಡವನು ಯಾರೆಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಸುಮಾರು 2,400 ವರ್ಷಗಳ ಹಿಂದಿನ ಮಾತು, ಗ್ರೀಕ್ ನಾಟಕಕಾರ ಅರಿಸ್ಟೋಫನೀಸನ ನಾಟಕದಲ್ಲಿ ಬರುತ್ತದೆ. ಆ ಸಭೆಗೆ ಬರುತ್ತಿದ್ದವರಲ್ಲಿ ಬಹಳ ಮಂದಿ ನಮ್ಮ ಹಾಗೆ ಒಕ್ಕಲುತನದವರು. ಕೂಲಿ ಬಿಟ್ಟು ಬರುವ ಬಡವನಿಗೆ ಮುಂದೆ ಭತ್ಯೆಯನ್ನೂ ಕೊಟ್ಟರು. ಒಂದೂರಿನಲ್ಲಿ ವಾಸವಾಗಿದ್ದ ಮಾತ್ರಕ್ಕೆ ಯಾರೂ ಆ ಊರಿನ ಪ್ರಜೆಯಾಗುವುದಿಲ್ಲ, ನ್ಯಾಯ ತೀರ್ಮಾನದಲ್ಲೂ ಆಡಳಿತದಲ್ಲೂ ಪಾಲು ತೆಗೆದುಕೊಂಡವನೇ ಪ್ರಜೆ ಎಂದು ತತ್ವಜ್ಞಾನಿ ಅರಿಸ್ಟಾಟಲ್ ವಾದಿಸಿದ.

ಈ ಅಳತೆಗೆ ನಾವು ನಿಲ್ಲುತ್ತೇವೆಯೇ? ಅಥೆನ್ಸ್ ಹೆಂಗಸರನ್ನೂ ಗುಲಾಮರನ್ನೂ ಹೊರಗಿಟ್ಟಿತ್ತು. ಸಂವಿಧಾನದ 73ನೇ ತಿದ್ದುಪಡಿ ನಮಗೆ ಕೊಟ್ಟ ಗ್ರಾಮಸಭೆಯಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಸದಸ್ಯರು. ಕಳೆ ತೆಗೆಯಲು ಹೋಗುವ ಅವ್ವನಿಗೂ ನೂರೆಕರೆ ಎರೆ ಹೊಲದ ಒಡೆಯನಿಗೂ ಅಲ್ಲಿ ಸಮನಾದ ಹಕ್ಕು. ಆದರೂ ಎಷ್ಟೋ ಊರುಗಳಲ್ಲಿ ಜನ ಸಭೆಗೆ ಬರುವುದಿಲ್ಲ, ಹಾಜರಿ ಪುಸ್ತಕವೇ ಮನೆಮನೆಗೆ ಬರುತ್ತದೆ. ಕಟ್ಟೆಯ ಮೇಲೆ ಕೂತಲ್ಲೇ ಸಹಿ, ಹೆಬ್ಬೆಟ್ಟು. ಠರಾವು ಅಷ್ಟರಲ್ಲಿ ಬರೆದಾಗಿರುತ್ತದೆ.

ನಮ್ಮದು ಎಂಥ ಮಣ್ಣು ಎಂಬುದು ಮರೆತುಹೋಯಿತೇ? 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ತಮ್ಮ ಮೇಲೆ ಹೇರಿದ್ದ ಅಭಿವೃದ್ಧಿ ಕರದ ವಿರುದ್ಧ ಸಿಡಿದೆದ್ದರು. ನೀರೇ ಮುಟ್ಟದ ಹೊಲಕ್ಕೆ ಕರ ಯಾಕೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಪೊಲೀಸರ ಗುಂಡಿನಿಂದ ಬಂತು. ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಜೀವ ತೆತ್ತರು. ಪ್ರತಿ ವರ್ಷ ಅವರಿಗೆ ಮಾಲೆ ಹಾಕುವ ನಾವು ಅವರು ಕೇಳಿದ ಹಾಗೆ ಕೇಳುವುದನ್ನು ಬಿಟ್ಟುಬಿಟ್ಟಿದ್ದೇವೆ.

ಕೇಳುವುದಕ್ಕೆ ಭಯವಿದೆ, ಬಲ್ಲೆ. ಎಲ್ಲರನ್ನೂ ಪ್ರಶ್ನಿಸುತ್ತಿದ್ದ ತತ್ವಜ್ಞಾನಿ ಸಾಕ್ರಟೀಸನನ್ನು ಕೊಂದದ್ದು ಯಾವ ಅರಸನೂ ಅಲ್ಲ. ಕ್ರಿ.ಪೂ. 399ರಲ್ಲಿ ಅವನಿಗೆ ವಿಷ ಕುಡಿಸುವ ತೀರ್ಪು ಕೊಟ್ಟವರು ಅದೇ ಅಥೆನ್ಸಿನ ಐನೂರರಷ್ಟು ಪ್ರಜೆಗಳು. 2015ರ ಆಗಸ್ಟ್ 30ರಂದು ನಮ್ಮದೇ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಒಬ್ಬನೇ ಕೇಳಿದಾಗ ಹೀಗಾಗುತ್ತದೆ. ಅದಕ್ಕೇ ಇಡೀ ಊರು ಒಟ್ಟಾಗಿ ಕೇಳಬೇಕು ಎನ್ನುತ್ತೇನೆ.

ಹೇಗೆ ಕೇಳಬೇಕೆಂಬುದನ್ನು ಸಾಕ್ರಟೀಸ್ ತೋರಿಸಿಕೊಟ್ಟಿದ್ದಾನೆ. ಅವನು ಮೊದಲ ಉತ್ತರಕ್ಕೆ ಸುಮ್ಮನಾದವನಲ್ಲ. ಕುಡಿಯುವ ನೀರಿನ ಕೆರೆಯ ಹೂಳೆತ್ತಿದ್ದೇವೆ ಎಂದು ಪಂಚಾಯ್ತಿಯ ಪಿಡಿಓ ಸಾಹೇಬರು ಓದಿದರೆ, ಎಷ್ಟು ಆಳ ತೆಗೆದಿರಿ ಎಂದು ಕೇಳಿ. ಹೂಳು ಯಾರ ಹೊಲ ಸೇರಿತು? ಕೂಲಿ ಯಾರ ಖಾತೆಗೆ ಬಿತ್ತು? ಈ ಕೆಲಸ ಆರಿಸಿದ್ದು ಯಾವ ಸಭೆ, ಅಂದು ಯಾರು ಬಂದಿದ್ದರು? ದನಿ ಏರಿಸಬೇಕಿಲ್ಲ. ಕೂತುಕೊಳ್ಳಬೇಡಿ, ಅಷ್ಟೆ.

ಇದಕ್ಕಿಂತ ಕಷ್ಟದ ಪ್ರಶ್ನೆ ನಮ್ಮನ್ನು ನಾವೇ ಕೇಳಿಕೊಳ್ಳುವುದು. ಅನ್ಯಾಯಕ್ಕೆ ಒಳಗಾಗುವುದಕ್ಕಿಂತ ಅನ್ಯಾಯ ಮಾಡುವುದೇ ಹೆಚ್ಚಿನ ಕೇಡು ಎಂದು ಸಾಕ್ರಟೀಸ್ ನಂಬಿದ್ದ. ಬೆಣ್ಣೆಹಳ್ಳ ಉಕ್ಕಿ ಮನೆಗಳು ಬಿದ್ದಾಗ, ಗೋಡೆಯೂ ಬಿರಿಯದ ಮನೆಗೆ ಪರಿಹಾರ ಬರೆಸಿಕೊಂಡವರು ನಮ್ಮೊಳಗೇ ಇದ್ದಾರೆ. ಆ ಪಟ್ಟಿಯಿಂದ ಬಿಟ್ಟುಹೋದ ಹೆಸರು ತಾಡಪತ್ರಿಯ ಕೆಳಗೆ ಮಳೆಗಾಲ ಕಳೆದ ಯಾವುದೋ ವಿಧವೆಯದು. ಇದನ್ನು ಅಧಿಕಾರಿಯ ತಪ್ಪೆಂದು ಹೇಳಿ ಕೈ ತೊಳೆದುಕೊಳ್ಳಲಾಗದು. ನೋಡಿಯೂ ಸುಮ್ಮನಿದ್ದ ಓಣಿಯವರೆಲ್ಲ ಅದರಲ್ಲಿ ಪಾಲುದಾರರು.

ನವಲಗುಂದದ, ಕುಂದಗೋಳದ, ಕಲಘಟಗಿಯ, ಅಣ್ಣಿಗೇರಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಮುಂದಿನ ಗ್ರಾಮಸಭೆಗೆ ಹೊಲದ ಕೆಲಸ ಅರ್ಧ ದಿನ ಬಿಟ್ಟು ಬನ್ನಿ. ಪಕ್ಕದ ಮನೆಯವರನ್ನೂ ಕರೆತನ್ನಿ. ಫಲಾನುಭವಿಗಳ ಪಟ್ಟಿಯನ್ನು ಎಲ್ಲರೆದುರು ಓದಿಸಿ, ತಪ್ಪು ಹೆಸರು ಬಂದರೆ, ಅದು ನಿಮ್ಮದೇ ಆಗಿದ್ದರೂ, ಎದ್ದು ಹೇಳಿ. ಓದಿ ಹೇಳದ ಠರಾವಿಗೆ ಸಹಿ ಹಾಕಬೇಡಿ.