ಖಾನಾವಳಿಯ ಒಡೆಯನ ಧರ್ಮ

ಯಾದಗಿರಿ, ಶಹಾಪುರ, ಸುರಪುರಗಳ ಪೇಟೆಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಖಾನಾವಳಿಯನ್ನು ಹೊಕ್ಕವನ ತಾಟಿಗೆ ಬಿಸಿಯಾದ ಜೋಳದ ರೊಟ್ಟಿಯೂ ಪುಂಡಿಪಲ್ಯವೂ ಬಂದು ಬೀಳುವುವು. ಉಂಡವನು ರುಚಿಯನ್ನು ಹೊಗಳಿ, ಗಲ್ಲೆಯ ಮೇಲೆ ಕುಳಿತ ಒಡೆಯನಿಗೆ ಹಣವಿತ್ತು ನಡೆಯುವನು. ಒಳಗೆ ಹೊಗೆಯಲ್ಲಿ ಕುಳಿತು ಆ ರೊಟ್ಟಿಯನ್ನು ಬಡಿದ ಹೆಣ್ಣುಮಗಳನ್ನು ಅವನು ಕಾಣನು. ಆಕೆಯ ಮಾನವು ಅಲ್ಲಿ ಉಳಿದಿದೆಯೇ ಎಂದು ಕೇಳಬೇಕೆಂಬುದು ಅವನ ಮನಸ್ಸಿಗೆ ತೋರುವುದೇ ಇಲ್ಲ.

ಈ ಕೆಲಸಕ್ಕೆ ಬರುವವರಲ್ಲಿ ವಿಧವೆಯರುಂಟು, ಗಂಡ ಬಿಟ್ಟವರುಂಟು, ಸಾಲದಲ್ಲಿ ಮುಳುಗಿದ ಮನೆಯವರುಂಟು. ಅವರದು ದಿನಗೂಲಿ, ಬರವಣಿಗೆಯ ಕರಾರಿಲ್ಲ. ನಾಳೆ ಬರಬೇಡವೆಂದರೆ ಮನೆಯ ಒಲೆ ಆರಿತು. ಈ ನಿಸ್ಸಹಾಯತೆಯನ್ನೇ ಪರವಾನಗಿಯೆಂದು ಬಗೆಯುವವರಿದ್ದಾರೆ. ಹಾಯುವಾಗ ಮೈ ತಾಕಿಸುವುದು, ಎರಡರ್ಥದ ಮಾತನ್ನಾಡುವುದು, ಕೂಲಿ ಕೊಡುವ ನೆವದಿಂದ ಕೈ ಹಿಡಿಯುವುದು, ಜನವಿಲ್ಲದ ಹೊತ್ತಿನಲ್ಲಿ ತಡೆದು ನಿಲ್ಲಿಸುವುದು, ಇವೆಲ್ಲಕ್ಕೂ ಅವರು ಇಟ್ಟ ಹೆಸರು ಚೇಷ್ಟೆ. ಇದು ಚೇಷ್ಟೆಯಲ್ಲ, ಅಪರಾಧ.

ಕೂಲಿ ಕೊಟ್ಟವನು ಕೊಂಡದ್ದು ದುಡಿಮೆಯನ್ನು, ದುಡಿಯುವವಳನ್ನಲ್ಲ. ಗಂಡನು ಬೇಕಾದುದಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಮರಳಿ ಸುರಿದು ಬರಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅರಿಯದ ಮನೆ ಈ ಸೀಮೆಯಲ್ಲಿ ಅಪರೂಪ. ಸಲ್ಲದ ಅಕ್ಕಿಯೇ ದೋಷವೆನಿಸಿದ ಮೇಲೆ, ಕೂಲಿಗೆ ಸಲ್ಲದುದನ್ನು ಕೂಲಿಯ ಬಲದಿಂದ ಬಯಸುವವನಿಗೆ ಏನೆನ್ನಬೇಕು? ಅಂಥವನು ಗಲ್ಲೆಯ ಮೇಲೆ ಶರಣರ ಪಟವನ್ನಿಟ್ಟು ಊದುಬತ್ತಿ ಹಚ್ಚಿದ ಮಾತ್ರಕ್ಕೆ ಅವನ ವ್ಯಾಪಾರವು ಕಾಯಕವಾಗದು.

“ತಪ್ಪು ಗಿರಾಕಿಯದು, ಅದಕ್ಕೆ ನಾನೇನು ಮಾಡಲಿ?” ಎಂದು ಕೆಲವು ಒಡೆಯರು ಕೈತೊಳೆದುಕೊಳ್ಳುವರು. 2013ರ ಕಾಯಿದೆಯು ಈ ನೆವವನ್ನು ಒಪ್ಪುವುದಿಲ್ಲ. ಕೆಲಸದ ಸ್ಥಳಕ್ಕೆ ಬಂದುಹೋಗುವವರಿಂದಲೂ ಹೆಂಗಸರಿಗೆ ರಕ್ಷಣೆ ಕೊಡುವುದು ಒಡೆಯನ ಕರ್ತವ್ಯವೆಂದು ಅದು ಸ್ಪಷ್ಟವಾಗಿ ವಿಧಿಸಿದೆ. “ಹೆಂಗಸರನ್ನು ಕೆಲಸಕ್ಕಿಡದಿದ್ದರೆ ತಂಟೆಯೇ ಇಲ್ಲ” ಎನ್ನುವ ಬುದ್ಧಿವಂತರೂ ಇದ್ದಾರೆ. ಮದ್ಯವನ್ನು ಬಡಿಸುವ ಸ್ಥಳಗಳಲ್ಲಿ ಹೆಂಗಸರು ದುಡಿಯಬಾರದೆಂಬ ಹಳೆಯ ಪಂಜಾಬ ಅಬಕಾರಿ ಕಾಯಿದೆಯ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯವು 2007ರಲ್ಲಿಯೇ ರದ್ದುಗೊಳಿಸಿತು. ಭಯವಿದ್ದಲ್ಲಿ ಕೊಡಬೇಕಾದುದು ರಕ್ಷಣೆ, ಕಸಿಯಬೇಕಾದುದು ಅನ್ನವಲ್ಲ.

ಬಾಲ್ಯವಿವಾಹವನ್ನು ತಡೆಯಹೋಗಿ 1992ರಲ್ಲಿ ಅತ್ಯಾಚಾರಕ್ಕೀಡಾದ ರಾಜಸ್ಥಾನದ ಗ್ರಾಮಸೇವಕಿಯೊಬ್ಬಳ ಸಂಕಟದಿಂದ 1997ರ ವಿಶಾಖಾ ತೀರ್ಪು ಹುಟ್ಟಿತು; ಆ ತೀರ್ಪಿನಿಂದ ಈ ಕಾಯಿದೆಯು ಬಂದಿತು. ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರತಕ್ಕದ್ದು. ಅಷ್ಟು ಜನರಿಲ್ಲದ ಸಣ್ಣ ಖಾನಾವಳಿಯ ಹೆಂಗಸೂ, ಒಡೆಯನಿಂದಲೇ ನೊಂದವಳೂ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರಬಹುದು. ದೂರನ್ನು ಸ್ವೀಕರಿಸಲು ತಾಲೂಕಿಗೊಬ್ಬ ಅಧಿಕಾರಿ ಇರಬೇಕು. ಬರೆಯಲಾರದವಳಿಗೆ ಬರೆಯಲು ನೆರವಾಗಬೇಕು. ಕಾಯಿದೆಯನ್ನು ಮೀರಿದ ಒಡೆಯನಿಗೆ 50,000 ರೂಪಾಯಿಯವರೆಗೆ ದಂಡ. ಮರಳಿ ಮೀರಿದರೆ ಶಿಕ್ಷೆ ಇಮ್ಮಡಿ, ಪರವಾನಗಿಗೂ ಕುತ್ತು.

ಯಾದಗಿರಿಯು 2009ರ ಕೊನೆಯಲ್ಲಿ ತಾನೇ ಜಿಲ್ಲೆಯಾದುದರಿಂದ, ನ್ಯಾಯ ಬೇಡುವವಳು ಕಲಬುರಗಿಯ ದಾರಿಯನ್ನು ಹಿಡಿಯಬೇಕಾಗಿಲ್ಲ. ಆದರೆ ಕಾಯಿದೆ ಬಂದು ಹನ್ನೊಂದು ವರ್ಷಗಳಾದ ಮೇಲೆ, 2024ರ ಡಿಸೆಂಬರಿನಲ್ಲಿ, ಪ್ರತಿ ಜಿಲ್ಲೆಯಲ್ಲಿಯೂ ಅಧಿಕಾರಿಯನ್ನು ನೇಮಿಸಿ ಸಮಿತಿಯನ್ನು ರಚಿಸಿರೆಂದು ಸರ್ವೋಚ್ಚ ನ್ಯಾಯಾಲಯವೇ ಆಜ್ಞಾಪಿಸಬೇಕಾಯಿತೆಂದರೆ, ದೇಶದ ಉದಾಸೀನತೆಯನ್ನು ಅಳೆಯಲು ಬೇರೆ ಮಾನದಂಡವು ಬೇಡ.

ಸುಶಿಕ್ಷಿತ ಗೃಹಸ್ಥರು ಈ ಉದಾಸೀನತೆಯ ಪಾಲುದಾರರಾಗಬಾರದು. ಈ ಅಪರಾಧಕ್ಕೆ ಏನು ಶಿಕ್ಷೆಯೆಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕೆಂದು ಕಾಯಿದೆಯೇ ಹೇಳುತ್ತದೆ. ಊಟದ ದರಪಟ್ಟಿಯು ತೂಗುವ ಗೋಡೆಯ ಮೇಲೆ ಆ ಬರಹವೂ ಇದೆಯೇ ಎಂದು ಉಣ್ಣಲು ಕುಳಿತವರು ನೋಡಲಿ. ಇಲ್ಲದಿದ್ದರೆ ಗಲ್ಲೆಯ ಮುಂದೆ ನಿಂತು ಕೇಳಲಿ. ಉಪ್ಪು ಹೆಚ್ಚಾದರೆ ಒಡೆಯನನ್ನು ಕರೆದು ಗದರಿಸಬಲ್ಲವರಿಗೆ ಇದನ್ನು ಕೇಳುವ ಧೈರ್ಯವೂ ಇರತಕ್ಕದ್ದು.